ತಾತನ ಕೋವಿಗೆ ಒಗ್ಗುವ ತೋಟಾ

ನವೆಂಬರ್ ಮುಗಿಯುತ್ತಿದ್ದ ಹಾಗೆ ಅಮೆರಿಕದ ಪೆನ್ಸಿಲ್ವೇನಿಯಾದ ಮನೆಗಳಲ್ಲಿ ಜಿಂಕೆ ಬೇಟೆಗೆಂದು ಬೀರುವಿನ ಹಿಂದಿನಿಂದ ಒಂದು ಕೋವಿ ಹೊರಗೆ ಬರುತ್ತದೆ. ವಿಂಚೆಸ್ಟರ್ 94, ಟ್ರಿಗರಿನ ಸುತ್ತಲಿನ ಹಿಡಿಯನ್ನು (ಲಿವರ್) ಮುಂದಕ್ಕೆ ತಳ್ಳಿ ಹಿಂದಕ್ಕೆಳೆದು ತೋಟಾ ಏರಿಸುವ ಲಿವರ್ ಕೋವಿ. ಅದರ ಜೊತೆಗೆ ಒಂದು ಮಾತೂ ಹೊರಗೆ ಬರುತ್ತದೆ: "ಇದು ತಾತಂದು, ಇದರ ಗುರಿ ತಪ್ಪಿದ್ದೇ ಇಲ್ಲ." ತಪ್ಪಿದ ಈಡುಗಳ ಲೆಕ್ಕವನ್ನು ಯಾವ ತಾತನೂ ಬರೆದಿಡುವುದಿಲ್ಲ, ಹಾಗಾಗಿ ಮಾತು ಉಳಿದುಕೊಂಡಿದೆ. ಮೊಮ್ಮಗ ಅಂಗಡಿಗೆ ಹೋಗಿ ಸಿಕ್ಕಿದ ತೋಟಾ ತಂದು, 100 ಗಜದಲ್ಲಿ ಕಾಗದ ಕಟ್ಟಿ ಮೂರು ಈಡು ಹೊಡೆಯುತ್ತಾನೆ. ಒಂದು ಮೇಲೆ, ಒಂದು ಎಡಕ್ಕೆ, ಮೂರನೆಯದು ಪಕ್ಕದವರ ಕಾಗದಕ್ಕೆ. ಬೈಗುಳವೆಲ್ಲ ತೋಟಾದ ಪಾಲಿಗೆ.

(ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಿಂಕೆಯತ್ತ ಕೋವಿ ತಿರುಗಿಸಿದರೆ ಜೈಲೂಟ. ಇಲ್ಲಿ ಬರೆದಿರುವುದು ಲೈಸೆನ್ಸು, ಸೀಸನ್ನು, ಕಿತ್ತಳೆ ಬಣ್ಣದ ಅಂಗಿ ಎಲ್ಲವೂ ಇರುವ ಆ ದೇಶದ ಸಂಗತಿ.)

ತೋಟಾವನ್ನು ಬೈಯುವ ಮೊದಲು ನಳಿಗೆಯ ಮೇಲೆ ಏನು ಕೊರೆದಿದೆ ಎಂದು ಓದಬೇಕು. ಜಾನ್ ಬ್ರೌನಿಂಗ್ ರೂಪಿಸಿದ ಈ ಕೋವಿ 1894ರಲ್ಲಿ ಬಂತು. ಹೊಗೆಯಿಲ್ಲದ ಮದ್ದಿನ 30-30 ತೋಟಾ ಅದಕ್ಕೆ ಜೊತೆಯಾದದ್ದು ಮರುವರ್ಷ. ಹಳೆಯ ನಳಿಗೆಯಲ್ಲಿ '30 ಡಬ್ಲ್ಯೂ.ಸಿ.ಎಫ್.' ಎಂದಿದ್ದರೆ ಗಾಬರಿ ಬೇಡ, ಅದೂ 30-30ಯೇ. ಗಾಬರಿಯಾಗಬೇಕಾದದ್ದು '32 ಸ್ಪೆಷಲ್' ಎಂದಿದ್ದರೆ. ಕೋವಿ ಅದೇ, ತೋಟಾವೂ ನೋಡಲು ಅವಳಿಯ ಹಾಗೆ, ನಳಿಗೆಯ ತೂತು ಮಾತ್ರ ದೊಡ್ಡದು. 32ರೊಳಗೆ 30-30 ಸಲೀಸಾಗಿ ಹೋಗಿ ಕೂರುತ್ತದೆ, ಢಂ ಎನ್ನುತ್ತದೆ, ಗುಂಡು ತನಗೆ ತೋಚಿದ ಕಡೆ ಹೋಗುತ್ತದೆ, ಖಾಲಿ ಕೇಸಿನ (ತೋಟಾದ ಹಿತ್ತಾಳೆ ಕವಚದ) ಕತ್ತು ಸೀಳಿಕೊಂಡು ಹೊರಬೀಳುತ್ತದೆ. "ತಾತನ ಕಾಲದ ತೋಟಾನೇ ಬೇರೆ ಬಿಡಿ" ಎಂದು ನಿಟ್ಟುಸಿರಿಡುವವರಲ್ಲಿ ಒಬ್ಬಿಬ್ಬರ ಕಥೆಯಾದರೂ ಇದೇ ಇರುತ್ತದೆ.

ಇದು 1964ಕ್ಕಿಂತ ಹಿಂದಿನದೋ ಮುಂದಿನದೋ ಎಂಬ ಚರ್ಚೆಗೆ ಕೂತವರು ಊಟದ ಹೊತ್ತಿಗೂ ಏಳುವುದಿಲ್ಲ. ಆ ವರ್ಷ ಕಂಪನಿ ಖರ್ಚು ಇಳಿಸಲು ತಯಾರಿಕೆ ಬದಲಿಸಿತು, ಹಳೆಯದಕ್ಕೆ ಬೆಲೆ ಏರಿತು, ಎಲ್ಲ ನಿಜ. ಆದರೆ ನಳಿಗೆಯೊಳಗೆ ಓಡುವ ಗುಂಡಿಗೆ ಇಸವಿ ಗೊತ್ತಿಲ್ಲ. ನಳಿಗೆಯ ಬಾಯಿ ಹೇಗಿದೆ ಎಂಬುದಷ್ಟೇ ಅದಕ್ಕೆ ಮುಖ್ಯ.

ಆ ಬಾಯಿ ಸಾಮಾನ್ಯವಾಗಿ ಕೆಟ್ಟಿರುತ್ತದೆ, ಅದನ್ನು ಕೆಡಿಸಿದವನು ಶಿಸ್ತಿನ ಮನುಷ್ಯನಾಗಿರುತ್ತಾನೆ! ಈ ಕೋವಿಯ ಬೋಲ್ಟ್, ಅಂದರೆ ನಳಿಗೆಯ ಹಿಂಬಾಗಿಲು, ಬಿಚ್ಚದೆ ಹಿಂದಿನಿಂದ ಕಡ್ಡಿ ಹಾಕಲು ಬರುವುದಿಲ್ಲ. ಬಿಚ್ಚಲು ಸೋಮಾರಿತನ. ಹಾಗಾಗಿ ಮುಂದಿನಿಂದಲೇ ಉಕ್ಕಿನ ಕಡ್ಡಿ ತೂರಿಸಿ, ಪ್ರತಿ ಸೀಸನ್ನಿನಲ್ಲೂ ಭಕ್ತಿಯಿಂದ ಉಜ್ಜಿ ಉಜ್ಜಿ, ಗುಂಡು ಕೊನೆಯದಾಗಿ ಮುಟ್ಟಿ ಹೋಗುವ ಅಂಚನ್ನು ಒಂದು ಕಡೆ ಸವೆಸಿರುತ್ತಾರೆ. ಒಂದು ವರ್ಷವೂ ಕೋವಿ ತೊಳೆಯದ ಸೋಮಾರಿಯ ನಳಿಗೆ ಎಷ್ಟೋ ಸಲ ಇದಕ್ಕಿಂತ ನೇರ ಹೊಡೆಯುತ್ತದೆ. ಟಾರ್ಚ್ ಹಿಡಿದು ಅಂಚು ಸುತ್ತಲೂ ಸಮನಾಗಿ ಹೊಳೆಯುತ್ತದೆಯೇ ನೋಡಿ. ಇಲ್ಲವಾದರೆ ಬಾಯಿಯಷ್ಟನ್ನು ಹೊಸದಾಗಿ ಕಡೆಯುವುದು ಗನ್‌ಸ್ಮಿತ್‌ಗೆ ಸಣ್ಣ ಕೆಲಸ. ಒಳಗೆ ಕಪ್ಪು ಗುಳಿಗಳು ಕಂಡರೆ ಅದು ಹಳೆಯ ಕಾಲದ ಕೇಪಿನ (ತೋಟಾದ ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಬಿಲ್ಲೆಯ) ಉಪ್ಪು ತಿಂದ ಗುರುತು. ಗುಳಿಬಿದ್ದ ನಳಿಗೆಯೂ ಹೊಡೆಯುತ್ತದೆ, ತಾಮ್ರ ಬೇಗ ಮೆತ್ತಿಕೊಳ್ಳುತ್ತದೆ ಅಷ್ಟೆ. ತಾಮ್ರ ಕರಗಿಸುವ ದ್ರಾವಣ ಹಾಕಿ, ಬಟ್ಟೆತುಂಡಿನಲ್ಲಿ ನೀಲಿ ಬಣ್ಣ ಬರುವುದು ನಿಲ್ಲುವ ತನಕ ಒರೆಸಿ. ಮುಂದಿನಿಂದಲೇ ಒರೆಸುವುದಾದರೆ ಬಾಯಿಗೆ ಹಿತ್ತಾಳೆಯ ಗೈಡ್ ಕೂರಿಸಿ, ಇಲ್ಲವೇ ಹಿಂದಿನಿಂದ ಇಳಿಬಿಟ್ಟು ಮುಂದಿನಿಂದ ಎಳೆಯುವ ಹಗ್ಗ ಬಳಸಿ.

ಆಮೇಲೆ ಸ್ಕ್ರೂ. ಹಿಂದಿನ ಮರವನ್ನು ಹಿಡಿದಿರುವ ಟ್ಯಾಂಗ್ ಸ್ಕ್ರೂ, ಮುಂದಿನ ಮರವನ್ನು ಹಿಡಿದಿರುವ ಬ್ಯಾಂಡ್ ಸ್ಕ್ರೂ, ಇವೆರಡು ಸಡಿಲವಿದ್ದರೆ ಯಾವ ತೋಟಾವೂ ಒಗ್ಗದು. ಬಿಗಿ ಮಾಡಲು ಅಡುಗೆಮನೆ ಡ್ರಾಯರಿನ ಸ್ಕ್ರೂಡ್ರೈವರ್ ಹಿಡಿದವನು ನೂರು ವರ್ಷದ ಸ್ಕ್ರೂ ತಲೆಯನ್ನು ಒಂದೇ ಜಾರಿನಲ್ಲಿ ಹರಿದಿಡುತ್ತಾನೆ. ಅದರ ತುದಿ ಬೆಣೆಯ ಹಾಗೆ ಇಳಿಜಾರು. ಗನ್‌ಸ್ಮಿತ್ ಸ್ಕ್ರೂಡ್ರೈವರಿನ ತುದಿ ಸ್ಕ್ರೂ ತಲೆಯ ಸೀಳಿನ ಅಗಲ, ಆಳ ಎರಡನ್ನೂ ತುಂಬಿಕೊಂಡು ಕೂರುತ್ತದೆ.

ಈಗ ಅಂಗಡಿ. ಮೊಮ್ಮಗನ ಕಣ್ಣು ಮೊದಲು ಬೀಳುವುದು ಡಬ್ಬಿಯ ಮೇಲಿನ ವೇಗದ ಅಂಕಿಯ ಮೇಲೆ. 150 ಗ್ರೇನಿನ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) ಗುಂಡಿಗೆ ಸೆಕೆಂಡಿಗೆ 2390 ಅಡಿ, 170 ಗ್ರೇನಿನದಕ್ಕೆ 2200 ಅಡಿ. "ಜಾಸ್ತಿ ಇರೋದೇ ಕೊಡಿ." ಆ ಅಂಕಿಗಳು 24 ಇಂಚಿನ ಪರೀಕ್ಷಾ ನಳಿಗೆಯವು, ಕೈಯಲ್ಲಿರುವ ಕಾರ್ಬೈನಿನದು, ಅಂದರೆ ಗಿಡ್ಡ ನಳಿಗೆಯ ಕೋವಿಯದು, 20 ಇಂಚು. ವೇಗ ಅಲ್ಲೇ ಒಂದಿಷ್ಟು ಸೋರಿಹೋಯಿತು. 100 ಗಜಕ್ಕೆ ಗುರಿ ಕೂರಿಸಿದರೆ 200 ಗಜಕ್ಕೆ ಎರಡೂ ಏಳೆಂಟು, ಒಂಬತ್ತು ಇಂಚು ಕೆಳಗಿಳಿಯುತ್ತವೆ. ಕಾಡಿನಲ್ಲಿ ಈ ಕೋವಿಯಿಂದ ಹೊಡೆಯುವುದೇ ನೂರರ ಆಸುಪಾಸಿನಲ್ಲಿ. ಅಲ್ಲಿ ವೇಗಕ್ಕಿಂತ ಮೂರು ಗುಂಡೂ ಒಂದೇ ಕಡೆ ಹೋಗುವುದು ಮುಖ್ಯ. ಯಾವುದರಿಂದ ಶುರುಮಾಡಲಿ ಎಂದರೆ 170 ಗ್ರೇನಿನ ಚಪ್ಪಟೆ ಮೂತಿಯ, ತುದಿಯಲ್ಲಿ ಸೀಸ ಕಾಣುವ, ಅಂಗಡಿಯ ಕೆಳಗಿನ ಸಾಲಿನಲ್ಲಿ ಧೂಳು ತಿನ್ನುವ ಅಗ್ಗದ ಡಬ್ಬಿ. ಒಳಗಿನ ಸುರುಳಿ ಗೀರು 12 ಇಂಚಿಗೊಂದು ಸುತ್ತು ಹಾಕುವ ಇದರ ನಳಿಗೆಗೆ ಒಗ್ಗುವುದು ಬಹುಪಾಲು ಅದೇ. ತಾತನಿಗೆ ಪಿಜ್ಜಾ ಬಡಿಸಿ ಅಜೀರ್ಣವಾಯಿತೆಂದು ತಾತನನ್ನೇ ಬೈದ ಹಾಗೆ, ಹೊಸ ತೋಟಾ ಹಾಕಿ ಹಳೆಯ ಕೋವಿಯನ್ನು ಬೈಯುವವರೇ ಹೆಚ್ಚು.

ಚಪ್ಪಟೆ ಮೂತಿ ಎಂದದ್ದು ಚಂದಕ್ಕಲ್ಲ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಸಾಲಾಗಿ ಮಲಗಿರುತ್ತವೆ. ಹಿಂದಿನದರ ಮೂತಿ ಮುಂದಿನದರ ಕೇಪಿಗೆ ತಾಗಿಕೊಂಡಿರುತ್ತದೆ. ಮೂತಿ ಗಟ್ಟಿಯಾಗಿ ಚೂಪಾಗಿದ್ದರೆ, ಕೋವಿ ಒದ್ದಾಗ ಅದೇ ಸೂಜಿಯಾಗಿ ಕೇಪನ್ನು ಚುಚ್ಚಬಹುದು. ಕೊಳವೆ ಇರುವುದು ಎಡಗೈಯ ಹಿಡಿಯೊಳಗೆ. ಹಾರ್ನಡಿಯವರ 160 ಗ್ರೇನಿನ ಲೆವರೆವಲ್ಯೂಷನ್ ತೋಟಾ ಚೂಪಾಗಿದ್ದರೂ ಪರವಾಗಿಲ್ಲ, ಅದರ ತುದಿ ಒತ್ತಿದರೆ ಬಗ್ಗುವ ಮೆತ್ತನೆ ಪಾಲಿಮರ್. ಕೆಲವು ಹಳೆಯ ನಳಿಗೆಗಳಿಗೆ ಅದು ಬಹಳ ಹಿಡಿಸುತ್ತದೆ, ಕೆಲವು ಮೂಸಿಯೂ ನೋಡುವುದಿಲ್ಲ.

ಮನೆಯಲ್ಲೇ ಮದ್ದು ತುಂಬುವ ಚಟವಿದ್ದವರು ಮದ್ದಿನ ಅಳತೆಗೆ ಹೊಸ ಕೈಪಿಡಿಯನ್ನೇ ನೋಡಲಿ, ಪಕ್ಕದ ಮನೆಯವರ ನೆನಪಿನ ಶಕ್ತಿಯನ್ನಲ್ಲ. ತುಂಬಿದ ತೋಟಾದ ಒಟ್ಟು ಉದ್ದ 2.550 ಇಂಚು ದಾಟಬಾರದು, ದಾಟಿದರೆ ಮೇಲೆತ್ತುವ ಲಿಫ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬೋಲ್ಟ್ ಹಿಂದಿನ ತುದಿಯಲ್ಲಿ ಬೀಗ ಬೀಳುವುದರಿಂದ ಹಿತ್ತಾಳೆ ಕೇಸು ಪ್ರತಿ ಈಡಿಗೂ ಚೂರು ಹಿಗ್ಗುತ್ತದೆ. ಉದ್ದ 2.039 ಇಂಚು ದಾಟಿದ ಕೇಸನ್ನು ಕತ್ತರಿಸಿ ಸರಿಮಾಡಬೇಕು. ಕೇಸಿನ ಬಾಯಿಯನ್ನು ಗುಂಡಿನ ಗೀರಿಗೆ ಒತ್ತಿ ಕ್ರಿಂಪ್ ಮಾಡದಿದ್ದರೆ, ಕೊಳವೆಯ ಸ್ಪ್ರಿಂಗ್ ಮತ್ತು ಒದೆತ ಸೇರಿ ಗುಂಡನ್ನು ಕೇಸಿನೊಳಗೆ ನೂಕುತ್ತವೆ, ಒತ್ತಡ ಏರುತ್ತದೆ. ಹಿಗ್ಗಿದ ಕೇಸನ್ನು ಪೂರ್ತಿ ಹಳೆಯ ಅಳತೆಗೆ ಒತ್ತದೆ (ಸೈಜ್ ಮಾಡದೆ) ಕತ್ತಷ್ಟೇ ಸೈಜ್ ಮಾಡುವ ಜಾಣರಿದ್ದಾರೆ. ಅವರ ಲಿವರ್ ಅರ್ಧಕ್ಕೆ ನಿಂತು, ಮಂಡಿಗೆ ಕೋವಿ ಆನಿಸಿ ಒದ್ದಾಡುವುದನ್ನು ಜಿಂಕೆ ನಿಂತು ನೋಡುತ್ತದೆ. ಬೋಲ್ಟ್ ಕೋವಿಯ ಹಾಗೆ ತೋಟಾವನ್ನು ಒತ್ತಿ ಕೂರಿಸುವ ಬಲ ಲಿವರಿಗಿಲ್ಲ.

ಮೂರು ಬಗೆಯ ಡಬ್ಬಿ ಸಾಕು. 50 ಗಜದಿಂದ ಶುರು. ಮರಳುಚೀಲದ ಮೇಲೆ ಇಡಬೇಕಾದದ್ದು ಮುಂದಿನ ಮರವನ್ನು, ಅದೂ ರಿಸೀವರ್ (ನಳಿಗೆಯ ಹಿಂದಿನ ಉಕ್ಕಿನ ಒಡಲು) ಹತ್ತಿರ. ನಳಿಗೆಯನ್ನೇ ಚೀಲಕ್ಕಾನಿಸಿದರೆ ಗುಂಡುಗಳು ಮೇಲೇರುತ್ತವೆ. ಮೂರು ಈಡು, ಆಮೇಲೆ ಕೈಯಿಟ್ಟರೆ ನಳಿಗೆ ತಣ್ಣಗೆನಿಸುವ ತನಕ ಕಾಯುವುದು, ಮತ್ತೆ ಮೂರು. ಕಷ್ಟವಿರುವುದು ಕಾಯುವುದರಲ್ಲೇ. ಸಪೂರ ನಳಿಗೆ, ಅದಕ್ಕೆ ಬ್ಯಾಂಡುಗಳಿಂದ ಕಟ್ಟಿಹಾಕಿದ ಕೊಳವೆ, ಮರ. ಬಿಸಿಯಾದಾಗ ಒಂದೊಂದು ಒಂದೊಂದು ಕಡೆ ಎಳೆದಾಡಿ ಗುಂಡುಗಳು ಕಾಗದದ ಮೇಲೆ ಏಣಿ ಹತ್ತುತ್ತವೆ. ಹತ್ತು ಈಡು ಎಡೆಬಿಡದೆ ಹೊಡೆದು "ಈ ತೋಟಾ ಸರಿಯಿಲ್ಲ" ಎನ್ನುವವನು ತೋಟಾವನ್ನಲ್ಲ, ತನ್ನ ತಾಳ್ಮೆಯನ್ನು ಅಳೆದಿರುತ್ತಾನೆ. 100 ಗಜದಲ್ಲಿ ಬರಿಗಣ್ಣಿನ ಸೈಟಿಗೆ ಮೂರು ಇಂಚಿನ ಗುಂಪು ಬಂದರೆ ಹುಡುಕಾಟ ಮುಗಿಯಿತು.

ಗುಂಪು ಚಿಕ್ಕದಾದರೂ ಜಾಗ ತಪ್ಪಿದ್ದರೆ ಸೈಟ್ ಸರಿಸಬೇಕು. ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ಕಡೆಗೆ, ಮುಂದಿನದನ್ನು ಅದಕ್ಕೆ ಎದುರು ದಿಕ್ಕಿಗೆ. ಇದನ್ನು ಉಲ್ಟಾ ಮಾಡಿ ಅರ್ಧ ಡಬ್ಬಿ ಖಾಲಿಮಾಡುವುದು ಒಂದು ಸಂಪ್ರದಾಯ. ಹಿಂದಿನ ಸೈಟಿನ ಕೆಳಗಿನ ಮೆಟ್ಟಿಲು ಪೂರ್ತಿ ಏರಿಸಿದರೂ ಗುಂಡು ಕೆಳಗೇ ಬೀಳುತ್ತಿದ್ದರೆ ಮುಂದಿನ ಸೈಟನ್ನು ಅರದಿಂದ ಉಜ್ಜಬೇಕು. ಎಷ್ಟು? ಎರಡು ಸೈಟುಗಳ ನಡುವೆ 16 ಇಂಚು ಎಂದಿಟ್ಟುಕೊಳ್ಳಿ, 100 ಗಜ ಎಂದರೆ 3600 ಇಂಚು. ಗುಂಡು 3 ಇಂಚು ಮೇಲೇರಬೇಕಾದರೆ 3 ಗುಣಿಸು 16, ಭಾಗಿಸು 3600: 0.013 ಇಂಚು, ಅಂದರೆ ಮಿಲಿಮೀಟರಿನ ಮೂರನೇ ಒಂದು ಭಾಗ. ಅರ ಹಿಡಿದವರ ಕೈ ಅಷ್ಟಕ್ಕೆ ನಿಲ್ಲುವುದಿಲ್ಲ. "ಇನ್ನೊಂದೆರಡು ಎಳೆತ" ಎಂದು ಉಜ್ಜಿ, ಸಂಜೆಗೆ ಹೊಸ ಸೈಟ್ ಆರ್ಡರ್ ಮಾಡುತ್ತಾರೆ. ಮತ್ತೊಂದು ಸಂಗತಿ: ಬಲಗಡೆಯಿಂದ ಬಿಸಿಲು ಬಿದ್ದರೆ ಮುಂದಿನ ಸೈಟಿನ ತುದಿಯ ಮಣಿಯ ಬಲಭಾಗವಷ್ಟೇ ಹೊಳೆದು, ಕಣ್ಣು ಅದನ್ನೇ ಇಡೀ ಮಣಿ ಎಂದುಕೊಳ್ಳುತ್ತದೆ. ಗುಂಡು ಎಡಕ್ಕೆ ಹೋಗುತ್ತದೆ. ಆಗ ಮುಟ್ಟಬೇಕಾದದ್ದು ಸೈಟನ್ನಲ್ಲ, ಟೋಪಿಯ ಅಂಚನ್ನು.

ಲಿವರನ್ನು ಮೆಲ್ಲಗೆ, ಮರ್ಯಾದೆಯಿಂದ ಎಳೆದರೆ ಖಾಲಿ ಕೇಸು ಒಳಗೇ ಉಳಿದು ಹೊಸದು ಅದರ ಬೆನ್ನಿಗೆ ಗುದ್ದುತ್ತದೆ. ಪೂರ್ತಿ ಮುಂದಕ್ಕೆ ತಳ್ಳಿ, ಪೂರ್ತಿ ಹಿಂದಕ್ಕೆ ಎಳೆಯಬೇಕು. ಹಳೆಯ ಮಾದರಿಯಲ್ಲಿ ಕೇಸು ನೆತ್ತಿಯ ಮೇಲಿಂದ ಹಾರುತ್ತದೆ, ಕೊರಳಪಟ್ಟಿ ತೆರೆದಿದ್ದರೆ ಬೆನ್ನೊಳಗೆ ಇಳಿಯುತ್ತದೆ, ಬಿಸಿ ಬಿಸಿ. ಆಗ ಕುಣಿದರೂ ನಳಿಗೆಯ ಬಾಯಿ ಗುರಿಯ ಕಡೆಗೇ ಇರಬೇಕು. ದಪ್ಪ ಕೈಗವಸು ಹಾಕಿ ಲಿವರನ್ನು ಸಡಿಲ ಹಿಡಿದರೆ ಟ್ರಿಗರ್ ಕಲ್ಲಾಗುತ್ತದೆ. ಕೋವಿ ಕೆಟ್ಟಿಲ್ಲ, ಲಿವರ್ ಪೂರ್ತಿ ಒತ್ತಿಕೊಳ್ಳದೆ ಅದು ಬಿಡುವುದೇ ಇಲ್ಲ. ಹ್ಯಾಮರನ್ನು ಅರ್ಧಕ್ಕೆ ಇಳಿಸುವಾಗ ಒದ್ದೆ ಹೆಬ್ಬೆರಳು ಜಾರುವುದುಂಟು, ಬೆರಳು ಒರೆಸಿಕೊಂಡೇ ಇಳಿಸಿ. ಬದಿಯ ಗೇಟಿನಲ್ಲಿ ತೋಟಾ ತುಂಬುವಾಗ ಪ್ರತಿಯೊಂದನ್ನೂ ಒಳಕ್ಕೆ ತುರುಕಬೇಡಿ. ಹಿಂಭಾಗ ಚೂರು ಹೊರಗಿರಲಿ, ಮುಂದಿನ ತೋಟಾ ಅದನ್ನು ನೂಕಿಕೊಳ್ಳುತ್ತದೆ. ಇಲ್ಲವಾದರೆ ಗೇಟು ಉಗುರನ್ನು ಕಚ್ಚುತ್ತದೆ.

ಈಗ ಮೂರು ಡಬ್ಬಿಯಲ್ಲೂ 20ರಲ್ಲಿ 14 ಮಿಕ್ಕಿರುತ್ತವೆ. ಒಗ್ಗಿದ ತೋಟಾದ ಡಬ್ಬಿಯ ಮೇಲಿನ ಲಾಟ್ ನಂಬರ್ ನೋಡಿ ಅದೇ ಲಾಟಿನ ಇನ್ನೆರಡು ತೆಗೆದಿಡಿ. ಒಗ್ಗದ 28 ತೋಟಾವನ್ನು ಲಿವರ್ ಎಳೆದು ಅಭ್ಯಾಸ ಮಾಡುತ್ತಾ ಮುಗಿಸಿಬಿಡಿ. "ಎಲ್ಲಾ 30-30 ತಾನೇ" ಎಂದು ಒಂದೇ ಜೇಬಿಗೆ ಸುರಿದುಕೊಂಡು ಕಾಡಿಗೆ ಹೋದವನ ಕೋವಿಯಿಂದ ಮೊದಲ ಈಡು ಎದೆಯ ನೇರಕ್ಕೆ ಹೋದರೆ ಎರಡನೆಯದು ಯಾವ ಮರಕ್ಕೋ. ಸಂಜೆ ಮನೆಗೆ ಬಂದವನು ಎಲ್ಲರೆದುರು ಬೈಯುವುದು ಮತ್ತೆ ತಾತನ ಸೈಟನ್ನೇ.