ಮುಚ್ಚಳದ ಮೀನು

ನಮ್ಮ ವಸತಿ ಸಮುಚ್ಚಯದ ಖಾಲಿ ಗೋಡೆಗೆ ಬಾಟಲಿ ಮುಚ್ಚಳಗಳಿಂದಲೇ ಒಂದು ಮೀನು ಮಾಡೋಣ ಎಂದು ಸಭೆಯಲ್ಲಿ ಯಾರೋ ಸೂಚಿಸಿದಾಗ ನಾನು ತೂಕಡಿಸುತ್ತಿದ್ದೆ. ತಲೆ ವಾಲಿದ್ದನ್ನು ಒಪ್ಪಿಗೆ ಎಂದು ಬರೆದುಕೊಂಡರು. ಕಣ್ಣು ಬಿಡುವಷ್ಟರಲ್ಲಿ ನಾನು ಮುಚ್ಚಳ ಸಂಗ್ರಹದ ಉಸ್ತುವಾರಿಯಾಗಿದ್ದೆ.

ಲೆಕ್ಕ ಹಾಕಿದೆ. ಒಂದು ಮುಚ್ಚಳದ ಅಗಲ ಸುಮಾರು 30 ಮಿಲಿಮೀಟರ್. ಎಂಟಡಿ ಉದ್ದ, ನಾಲ್ಕಡಿ ಅಗಲದ ಹಲಗೆಗೆ ಸಾಲಿಗೆ 81ರಂತೆ 40 ಸಾಲು, ಅಂದರೆ 3,240. ಮೊದಲ ವಾರ ಡಬ್ಬಿಗೆ ಬಿದ್ದದ್ದು 46. ಅದರಲ್ಲೊಂದು ಕೋಟಿನ ದಪ್ಪ ಗುಂಡಿ.

ಅಲ್ಲಿಂದ ನನ್ನ ದೃಷ್ಟಿ ಕೆಟ್ಟಿತು. ಬಸ್ಸಿನಲ್ಲಿ ಯಾರಾದರೂ ನೀರು ಕುಡಿದರೆ ಅವರ ಎಡಗೈಯನ್ನೇ ದಿಟ್ಟಿಸುತ್ತಿದ್ದೆ. ಒಬ್ಬ ಹಿರಿಯರು ಪಾಪ, ಬಾಯಾರಿದ್ದೇನೆ ಎಂದುಕೊಂಡು ಬಾಟಲಿಯನ್ನೇ ಚಾಚಿದರು. ಕುಡಿದೆ. ಮುಚ್ಚಳ ಕೇಳಲು ನಾಲಗೆ ಏಳಲಿಲ್ಲ. ಯುರೋಪ್ ಒಕ್ಕೂಟದಲ್ಲಿ 2024ರ ಜುಲೈಯಿಂದ, ಮೂರು ಲೀಟರ್‌ವರೆಗಿನ ಪ್ಲಾಸ್ಟಿಕ್ ಪಾನೀಯ ಬಾಟಲಿಗಳ ಮುಚ್ಚಳ ತೆರೆದ ಮೇಲೂ ಬಾಟಲಿಗೆ ಜೋತುಬಿದ್ದಿರಬೇಕು ಎಂಬ ನಿಯಮವಿದೆ. ಎಲ್ಲೆಂದರಲ್ಲಿ ಕಳೆದುಹೋಗದಿರಲಿ ಎಂದು. ನಾನು ಅಲ್ಲಿದ್ದಿದ್ದರೆ ಹಲ್ಲಿನಿಂದ ಕಿತ್ತುಕೊಳ್ಳಬೇಕಾಗುತ್ತಿತ್ತು.

ತೊಳೆಯದೆ ಗೋಣಿಚೀಲದಲ್ಲಿ ತುಂಬಿಟ್ಟದ್ದು ನನ್ನ ತಪ್ಪು. ನಾಲ್ಕನೆಯ ದಿನ ಇರುವೆಗಳ ಸಾಲು ಅಡುಗೆಮನೆಯ ಸಕ್ಕರೆ ಡಬ್ಬವನ್ನು ಬಳಸಿಕೊಂಡು ನೇರವಾಗಿ ಚೀಲಕ್ಕೆ ನಡೆದಿತ್ತು. "ಮನೆಯ ಸಕ್ಕರೆಗೂ ಮರ್ಯಾದೆ ಇಲ್ಲದ ಹಾಗೆ ಮಾಡಿದೆಯಲ್ಲೋ" ಎಂದರು ಅಮ್ಮ. ಬಚ್ಚಲಿಗೆ ಹೊತ್ತು ಬಕೆಟ್‌ಗೆ ಸುರಿದೆ. ಮುಚ್ಚಳಗಳೆಲ್ಲ ತೇಲಿದವು. ಮಗಳು ಹಾಕಿದ ಬಾಟಲಿಯ ಚೂರುಗಳು ಮಾತ್ರ ಮುಳುಗಿದವು. ಬಾಟಲಿ ಪೆಟ್ ಎಂಬ ಪ್ಲಾಸ್ಟಿಕ್, ನೀರಿಗಿಂತ ಭಾರ. ಮುಚ್ಚಳ ಪಾಲಿಥಿಲೀನ್ ಇಲ್ಲವೇ ಪಾಲಿಪ್ರೊಪಿಲೀನ್, ನೀರಿಗಿಂತ ಹಗುರ. ಮರುಬಳಕೆ ಕಾರ್ಖಾನೆಗಳಲ್ಲೂ ಚೂರು ಮಾಡಿದ ಮೇಲೆ ಇವೆರಡನ್ನು ಹೀಗೆಯೇ ನೀರಿನಲ್ಲಿ ಬೇರ್ಪಡಿಸುತ್ತಾರೆ. ಮಗಳಿಗೆ ಇದನ್ನೆಲ್ಲ ವಿವರಿಸಿ ಬಹಳ ಜಾಣನಂತೆ ಕಂಡೆ. ಆ ಜಾಣತನ ಭಾನುವಾರದವರೆಗೆ ಬಾಳಿತು.

ಭಾನುವಾರ ಇಡೀ ಸಮುಚ್ಚಯ ಸೇರಿ ಬೆಳಗಿನಿಂದ ಸಂಜೆಯವರೆಗೆ ಅಂಟು ಬಳಿದು ಮುಚ್ಚಳ ಕೂರಿಸಿತು. ಹಲಗೆಯನ್ನು ಗೋಡೆಗೆ ಒರಗಿಸಿ ಚಪ್ಪಾಳೆ ತಟ್ಟಿದೆವು. ಆ ಚಪ್ಪಾಳೆಗೋ ಏನೋ, ಬಾಲದಿಂದ ಒಂದು ಉದುರಿತು. ಆಮೇಲೆ ರಾತ್ರಿಯಿಡೀ ಟಪ್, ಟಪ್. ಆ ಜಾತಿಯ ಪ್ಲಾಸ್ಟಿಕ್‌ಗೆ ಸಾಮಾನ್ಯ ಅಂಟು ಹಿಡಿಯುವುದೇ ಇಲ್ಲವಂತೆ. ಅನೇಕ ಅಂಟುಗಳನ್ನು ಅದೇ ಪ್ಲಾಸ್ಟಿಕ್‌ನ ಬಾಟಲಿಯಲ್ಲಿ ತುಂಬಿ ಮಾರುವುದೂ ಅದಕ್ಕೇ. ಮೂರನೆಯ ಮಹಡಿಯ ನಿವೃತ್ತ ಮೇಷ್ಟರು ಇದನ್ನು ಸೋಮವಾರ ಬೆಳಿಗ್ಗೆ ಹೇಳಿದರು. ಭಾನುವಾರ ಅವರೂ ನಮ್ಮೊಡನೆ ಅಂಟು ಬಳಿದಿದ್ದರು.

ಮತ್ತೆ ಒಂದೊಂದಕ್ಕೂ ತೂತು ಕೊರೆದು, ಒಂದೊಂದು ಸ್ಕ್ರೂ ಬಿಗಿದೆವು. ಕೆಲಸ ಹನ್ನೊಂದು ದಿನ ನಡೆಯಿತು. ಕೊನೆಯಲ್ಲಿ ರೆಕ್ಕೆಗೆ ಕಿತ್ತಳೆ ಬಣ್ಣದ ಇಪ್ಪತ್ತು ಮುಚ್ಚಳ ಸಾಲಲಿಲ್ಲ. ನೀಲಿಯದು ಮೂಟೆಗಟ್ಟಲೆ ಇತ್ತು, ಏನು ಪ್ರಯೋಜನ? ಕಸ ಕಡಿಮೆ ಮಾಡಲು ಹೊರಟ ನಾವು ಇಪ್ಪತ್ತು ಬಾಟಲಿ ತಂಪು ಪಾನೀಯ ಕೊಂಡು ತಂದು, ಸರತಿಯಲ್ಲಿ ಕುಡಿದು ಮುಗಿಸಿದೆವು. ಈ ವಿಷಯ ಸಭೆಯ ನಡಾವಳಿಯಲ್ಲಿಲ್ಲ.

ಮೊದಲು ಬಳಿದ ಅಂಟಿನಲ್ಲಿ ಅಲ್ಲಾಡದೆ ನಿಂತದ್ದು ಒಂದೇ, ಆ ಕೋಟಿನ ಗುಂಡಿ. ಕಪ್ಪಗೆ ಹೊಳೆಯುತ್ತಿತ್ತು, ಮೀನಿನ ಕಣ್ಣಿಗೆ ಅದೇ ಸರಿ ಎಂದು ಅಲ್ಲಿಯೇ ಬಿಟ್ಟೆವು. ಕಳೆದ ವಾರ ಮೇಷ್ಟರು ಮದುವೆಗೆಂದು ಕೋಟು ತೊಟ್ಟು ಇಳಿದುಬಂದರು. ಮೀನಿನ ಮುಂದೆ ಗಕ್ಕನೆ ನಿಂತು, ಒಮ್ಮೆ ಅದರ ಕಣ್ಣು ನೋಡಿದರು, ಒಮ್ಮೆ ತಮ್ಮ ಹೊಟ್ಟೆ ನೋಡಿಕೊಂಡರು. ನಂತರ ಎಡಗೈಯಿಂದ ಕೋಟನ್ನು ಒತ್ತಿ ಹಿಡಿದುಕೊಂಡೇ ಮದುವೆಗೆ ಹೋದರು.