ಮುಪ್ಪಿನಲ್ಲಿ ಮಕ್ಕಳು ಜೊತೆಗಿರಬೇಕೆ?

ಪರ: ದುಡ್ಡು ಬೇಡ, ಜನ ಬೇಕು

ನನಗೆ 72 ವರ್ಷ. ಸಾಗರದ ಹತ್ತಿರ ಒಂದು ಹಳ್ಳಿ. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ, ಪಿಂಚಣಿ ಬರುತ್ತದೆ. ಒಂದೂವರೆ ಎಕರೆ ಅಡಿಕೆ ತೋಟವೂ ಇದೆ. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳು ಜೊತೆಗಿರಬೇಕು ಅಂದ ಕೂಡಲೇ 'ಪಾಪ, ಮುದುಕನಿಗೆ ದುಡ್ಡಿನ ಅಡಚಣೆ' ಅಂದುಕೊಳ್ಳುವವರೇ ಜಾಸ್ತಿ.

ಹೋದ ಬೇಸಿಗೆಯಲ್ಲಿ ನನ್ನ ಬಿಪಿ ಮಾತ್ರೆ ಬದಲಾಯಿತು. ಔಷಧಿ ಅಂಗಡಿಯವನು ಬಿಳಿ ಮಾತ್ರೆ ಖಾಲಿ ಅಂತ ಬೇರೆ ಕಂಪನಿಯ ಗುಲಾಬಿ ಮಾತ್ರೆ ಕೊಟ್ಟ. ಎರಡೂ ಒಂದೇ ಅಂತ ಹೇಳಿದ್ದನೋ ಏನೋ, ನನ್ನ ಕಿವಿಗೆ ಬೀಳಲಿಲ್ಲ. ಡಬ್ಬಿಯಲ್ಲಿ ಹಳೆಯ ಬಿಳಿ ಮಾತ್ರೆ ಹತ್ತು ಉಳಿದಿತ್ತು. ದಿನಾ ಎರಡನ್ನೂ ನುಂಗಿದೆ. ಐದನೇ ದಿನ ಬಚ್ಚಲ ಒಲೆಗೆ ಸೌದೆ ತುಂಬಲು ಬಗ್ಗಿದವನು ತಲೆ ಸುತ್ತಿ ಗೋಡೆ ಹಿಡಿದು ಕೂತೆ. ನನ್ನಾಕೆ ಕನ್ನಡಕ ಹಾಕಿಕೊಂಡು ಮಾತ್ರೆಯ ಪಟ್ಟಿ ತಿರುಗಿಸಿ ತಿರುಗಿಸಿ ನೋಡಿದಳು. ಆ ಅಕ್ಷರ ಇರುವೆಗೂ ಕಾಣುವಂಥದ್ದಲ್ಲ. ಕೊನೆಗೆ ಪಕ್ಕದ ಮನೆಯ ಪಿಯುಸಿ ಹುಡುಗಿ ಬಂದು ಒಂದು ನಿಮಿಷದಲ್ಲಿ ಹೇಳಿದಳು: "ಅಜ್ಜ, ಎರಡೂ ಒಂದೇ ಮಾತ್ರೆ."

ಆ ಐದು ದಿನವೂ ರಾತ್ರಿ ಎಂಟೂವರೆಗೆ ಮಗನ ವಿಡಿಯೊ ಕಾಲ್ ಬಂದಿತ್ತು. ಊಟ ಆಯ್ತಾ? ಆಯ್ತು. ಮಾತ್ರೆ ತಗೊಂಡ್ರಾ ಅಪ್ಪಯ್ಯ? ತಗೊಂಡೆ. ಸುಳ್ಳೇನೂ ಹೇಳಿರಲಿಲ್ಲ. ಎರಡೆರಡು ತಗೊಂಡಿದ್ದೆ.

ಮುಪ್ಪಿನ ಕಷ್ಟಗಳು ಹೆಚ್ಚಿನವು ಹೀಗೇ. ಫೋನು ಮಾಡಿ ಹೇಳುವಷ್ಟು ದೊಡ್ಡವಲ್ಲ. ಒಂದೇ ಮನೆಯಲ್ಲಿರುವವರ ಕಣ್ಣಿಗೆ ಮಾತ್ರ ಬೀಳುತ್ತವೆ.

ದೊಡ್ಡ ಕಷ್ಟ ಬಂದಾಗ ಏನಾಗುತ್ತದೆ ಅಂತಲೂ ನೋಡಿದ್ದೇನೆ. ನಮ್ಮ ಕೇರಿಯ ಅಜ್ಜಿಯೊಬ್ಬರು ಜುಲೈ ಮಳೆಯಲ್ಲಿ ಹಿತ್ತಲಲ್ಲಿ ಜಾರಿ ಬಿದ್ದರು. ಮೂರು ದಿನದಿಂದ ಕರೆಂಟಿಲ್ಲ, ಟವರೂ ಸತ್ತಿತ್ತು. ಸಾಗರಕ್ಕೆ ಒಯ್ದರೆ ಶಿವಮೊಗ್ಗಕ್ಕೆ ಹೋಗಿ ಅಂದರು. ಅಲ್ಲಿಂದ ಇನ್ನೂ 70 ಕಿ.ಮೀ. ಆಸ್ಪತ್ರೆಯ ಕಾಗದದಲ್ಲಿ 'ರೋಗಿಗೆ ಏನಾಗಬೇಕು' ಅಂತ ಒಂದು ಜಾಗ ಇರುತ್ತದಲ್ಲ, ಅಲ್ಲಿ ಜೀಪು ಓಡಿಸಿದ ಹುಡುಗ 'ಪಕ್ಕದ ಮನೆ' ಎಂದು ಬರೆದು ಸಹಿ ಹಾಕಿದ. ಅಜ್ಜಿಗೆ ಮೂವರು ಮಕ್ಕಳು.

2007ರಲ್ಲಿ ಸರ್ಕಾರ ಹಿರಿಯ ನಾಗರಿಕರಿಗಾಗಿ ಕಾಯ್ದೆ ಮಾಡಿತು. ಎಸಿ, ಅಂದರೆ ಉಪವಿಭಾಗಾಧಿಕಾರಿಯ ಕಚೇರಿಗೆ ಅರ್ಜಿ ಕೊಟ್ಟರೆ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸುತ್ತಾರೆ. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆಮೇಲೆ ಕೈಬಿಟ್ಟರೆ, ಆ ದಾನಪತ್ರವನ್ನೇ ರದ್ದು ಮಾಡಿಸಬಹುದು. ಒಳ್ಳೆಯದೇ. ಅಪ್ಪ-ಅಮ್ಮನ ನಿರೀಕ್ಷೆ ತಪ್ಪಲ್ಲ ಅಂತ ಕಾನೂನೇ ಒಪ್ಪಿದ ಹಾಗಾಯಿತು. ಆದರೆ ಪಕ್ಕದಲ್ಲಿ ಕೂತು ಮಾತ್ರೆಯ ಬಣ್ಣ ನೋಡು ಅಂತ ಯಾವ ಎಸಿಯೂ ಆದೇಶ ಮಾಡಲಾರರು.

ಎಲ್ಲ ಬಿಟ್ಟು ಬಾ ಅಂತ ನಾನು ಹೇಳುತ್ತಿಲ್ಲ. 2020ರಲ್ಲಿ, ಕೊರೊನಾ ಹೊತ್ತಿನಲ್ಲಿ, ಇದೇ ಮಗ ಇದೇ ಜಗುಲಿಯಲ್ಲಿ ಕೂತು ಎಂಟು ತಿಂಗಳು ಕಂಪನಿ ಕೆಲಸ ಮಾಡಿದ. ಮೀಟಿಂಗ್ ಇದ್ದಾಗ ನೆಟ್‌ವರ್ಕ್ ಹುಡುಕಿಕೊಂಡು ಛತ್ರಿ ಹಿಡಿದು ಗುಡ್ಡ ಹತ್ತುತ್ತಿದ್ದ, ನಿಜ. ಆದರೂ ಆಯಿತಲ್ಲ? ಈಗ ಯಾಕೆ ಆಗುವುದಿಲ್ಲ ಅಂತ ಕೇಳಿದರೆ, "ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಲೇಬೇಕು ಅಪ್ಪಯ್ಯ" ಅನ್ನುತ್ತಾನೆ. ಉಳಿದ ನಾಲ್ಕು ದಿನದ ಲೆಕ್ಕ ನಾನು ಹಾಕುತ್ತೇನೆ, ಅವನು ಹಾಕುವುದಿಲ್ಲ.

ವಿರೋಧ: ಮಗನ ಹೆಸರು, ಸೊಸೆಯ ಕೆಲಸ

ಮೇಷ್ಟ್ರ ಮಾತ್ರೆ ಕತೆ ಓದಿ ಹೊಟ್ಟೆ ಚುರುಕ್ ಅಂದಿತು. ನಾನು ಅವರ ಸೊಸೆಯಲ್ಲ, ಆಗಿರಬಹುದಿತ್ತು. ನನ್ನ ಗಂಡನ ಮನೆ ತೀರ್ಥಹಳ್ಳಿ ಕಡೆ. ನನ್ನ ತವರು ಹಾಸನ. ನಾನು ಒಬ್ಬಳೇ ಮಗಳು. ನಾವಿರುವುದು ಬೆಂಗಳೂರಲ್ಲಿ.

ಮೇಷ್ಟ್ರಿಗೆ ವ್ಯಾಕರಣದ ಒಂದು ಪ್ರಶ್ನೆ. 'ಮುಪ್ಪಿನಲ್ಲಿ ಮಗ ನೋಡಿಕೊಳ್ಳಬೇಕು.' ಈ ವಾಕ್ಯದಲ್ಲಿ ಕರ್ತೃ ಮಗ. ಕೆಲಸ ಯಾರದ್ದು?

ಮಾವನಿಗೆ ಸ್ಟೆಂಟ್ ಹಾಕಿದ ಮೇಲೆ ಅತ್ತೆ, ಮಾವ ಇಬ್ಬರೂ ನಮ್ಮ ಫ್ಲ್ಯಾಟಿನಲ್ಲಿ ನಾಲ್ಕು ತಿಂಗಳಿದ್ದರು. ಬೆಳಗ್ಗೆ ಐದೂವರೆಗೆ ಕಷಾಯ. ಮಾವನಿಗೆ ಉಪ್ಪು ಕಡಿಮೆ ಸಾರು, ಅತ್ತೆಗೆ ಈರುಳ್ಳಿ ಹಾಕದ್ದು, ನನ್ನ ಮಗನ ಡಬ್ಬಿಗೆ ಇನ್ನೊಂದು. ಆಮೇಲೆ ನನ್ನ ಆಫೀಸು. ಗಂಡ ಒಳ್ಳೆಯವರೇ. ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. 'ಶ್ರವಣಕುಮಾರ' ಅಂತ ನೆಂಟರೆಲ್ಲ ಹೊಗಳಿದರು. ನನ್ನನ್ನು ಯಾರೂ ಬೈಯಲಿಲ್ಲ. ನನಗೆ ಸಿಕ್ಕ ಸರ್ಟಿಫಿಕೇಟ್ ಅಷ್ಟೇ.

ಅದೇ ಹೊತ್ತಿಗೆ ಹಾಸನದಲ್ಲಿ ನನ್ನಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್. ಎರಡು ದಿನ ಹೋಗಿ ಬರುತ್ತೇನೆ ಅಂದೆ. "ನೀನು ಹೋದರೆ ಇಲ್ಲಿ ಯಾರು?" ಅಂದರು ಅತ್ತೆ. ಕೋಪದಿಂದಲ್ಲ, ನಿಜವಾಗಿ ಗಾಬರಿಯಾಗಿ. ಮದುವೆಯಾದ ಮಗಳಿಗೂ ಹೆತ್ತವರನ್ನು ಸಾಕುವ ಹೊಣೆ ಇದೆ ಅಂತ ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ, ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಅಂದಿತು. ಆದರೆ ಎರಡೂ ಕಡೆಯ ಅಪ್ಪ-ಅಮ್ಮನಿಗೆ ಒಂದೇ ತಿಂಗಳು ಕಾಯಿಲೆ ಬಂದರೆ ಏನು ಮಾಡಬೇಕು ಅಂತ ಯಾವ ಕಾಯ್ದೆಯೂ ಹೇಳಿಲ್ಲ.

ಮೇಷ್ಟ್ರು ಹೇಳಿದ 2007ರ ಕಾಯ್ದೆಯಲ್ಲಿ 'ಮಕ್ಕಳು' ಅಂದರೆ ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳು. ಸೊಸೆಯ ಹೆಸರೇ ಇಲ್ಲ. 2019ರಲ್ಲಿ ಸೊಸೆ, ಅಳಿಯನನ್ನೂ ಸೇರಿಸಲು ಲೋಕಸಭೆಯಲ್ಲಿ ಮಸೂದೆ ತಂದರು, ಅದು ಕಾಯ್ದೆಯಾಗಲಿಲ್ಲ. ಕಾನೂನಿನ ಕಣ್ಣಿಗೆ ಕಾಣದಿದ್ದರೂ ಅಡುಗೆಮನೆಯಲ್ಲಿ ಸೊಸೆ ಇದ್ದೇ ಇದ್ದಾಳೆ.

ಇಷ್ಟೆಲ್ಲ ಮಾಡಿ ಮಾವ ಸುಖವಾಗಿದ್ದರಾ? ಅದೂ ಇಲ್ಲ. ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಕೂತು ಕೆಳಗೆ ಬರುವ ನೀರಿನ ಟ್ಯಾಂಕರ್ ಎಣಿಸುತ್ತಿದ್ದರು. ಊರಿಗೆ ದಿನಕ್ಕೆ ಮೂರು ಸಲ ಫೋನು. ಮಳೆ ಎಷ್ಟು? ಅಡಿಕೆಗೆ ಕೊಳೆರೋಗ ಬಂತಾ? ಔಷಧಿ ಹೊಡೆಸಿದಿರಾ? ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಎಷ್ಟು ಸಲ ಕೇಳಿಸಿಕೊಂಡೆ ಅಂದರೆ, ಈಗ ಆ ಔಷಧಿ, ಬೋರ್ಡೋ ದ್ರಾವಣ, ನಾನೇ ಮಾಡಬಲ್ಲೆ. ಒಂದು ದಿನ ಊಟ ಬಿಟ್ಟು ಎದ್ದು, "ನನ್ನನ್ನು ಊರಿಗೆ ಬಿಟ್ಟುಬಿಡಿ" ಅಂದರು. ಜೊತೆಗಿರುವುದೇ ಪರಿಹಾರವಾಗಿದ್ದರೆ ಅವರು ಯಾಕೆ ಹೊರಟರು?

ಇನ್ನು ಮಗ ಊರಿಗೆ ಬರಲಿ ಅನ್ನುವ ಮಾತು. ಅವನನ್ನು ತೋಟದಿಂದ ಹೊರಗೆ ಕಳಿಸಿದವರು ಯಾರು? ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಸಿಗಲ್ಲ, ಔಷಧಿ ಹೊಡೆಯುವವರು ಸಿಗಲ್ಲ, ಈ ಕೆಲಸ ನಿನಗೆ ಬೇಡ, ಓದು ಅಂದವರೇ ಇವರು. ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಾಗ ಕೇರಿಗೆಲ್ಲ ಪೇಡಾ ಹಂಚಿದ್ದರಂತೆ. ಇಪ್ಪತ್ತು ವರ್ಷ ಆದ ಮೇಲೆ, ಮನೆ ಸಾಲದ ಕಂತು, ಮಗುವಿನ ಶಾಲೆ ಎಲ್ಲ ಇರುವಾಗ, ತಿರುಗಿ ಬಾ ಅಂದರೆ ಹೇಗೆ? ಮೇಷ್ಟ್ರ ನಾಲ್ಕು ದಿನದ ಲೆಕ್ಕದಲ್ಲಿ ಶನಿವಾರ, ಭಾನುವಾರ, ಸೊಸೆಯ ಕೆಲಸ, ಮೊಮ್ಮಗನ ಪರೀಕ್ಷೆ ಯಾವುದೂ ಇಲ್ಲ.

ನೋಡಿಕೊಳ್ಳುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ನನಗೆ ಹೆದರಿಕೆ 'ನಾವೇನೂ ಕೇಳಲ್ಲಪ್ಪ' ಅನ್ನುವ ಮಾತಿನದು. ಏನೂ ಕೇಳುವುದಿಲ್ಲ, ಆದರೆ ನಮಗೇ ತಿಳಿಯಬೇಕು. ತಿಳಿಯದಿದ್ದರೆ ಅದು ಚಿಕ್ಕಮ್ಮನ ಕಿವಿಗೆ ಹೋಗಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ನಮಗೆ ಗೊತ್ತಾಗುತ್ತದೆ.

ಹೋದ ಯುಗಾದಿಗೆ ಊರಿಗೆ ಹೋದಾಗ ಮಾವನ ಮುಂದೆ ಪೆನ್ನು ಇಟ್ಟೆ. "ಮಾವ, ನಮ್ಮಿಂದ ಏನೇನು ಆಗಬೇಕು, ಬರೆದುಕೊಡಿ." ಮೊದಲು ನಕ್ಕರು. ಸಂಜೆ ಒಂದು ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಟ್ಟರು. ಮಾತ್ರೆ ಮೂರು ತಿಂಗಳದ್ದು ಒಟ್ಟಿಗೆ ಬೇಕು. ಬಚ್ಚಲಿಗೆ ಹಿಡಿದುಕೊಳ್ಳಲು ಒಂದು ಕಂಬಿ. ಕಣ್ಣು ತೋರಿಸಲು ಮಣಿಪಾಲಕ್ಕೆ ಒಮ್ಮೆ. ಪುನರ್ವಸು ಮಳೆ ಬಿಡುವು ಕೊಟ್ಟು ಹೊಳವಾದಾಗ ಎರಡು ದಿನ ಯಾರಾದರೂ ಬನ್ನಿ, ಎರಡನೇ ಸಲ ಔಷಧಿ ಹೊಡೆಸುವಾಗ ಕೆಳಗೆ ಪೈಪ್ ಎಳೆದುಕೊಡಲು ಜನ ಇಲ್ಲ. ಅಷ್ಟೇ. ಜೊತೆಗಿರಿ ಅಂತ ಎಲ್ಲೂ ಇರಲಿಲ್ಲ.

ಕಂಬಿ ಮರುದಿನವೇ ಹಾಕಿಸಿದೆವು. ಜುಲೈಗೆ ಗಂಡ ರಜೆ ಹಾಕಿದ್ದಾರೆ. ಪಟ್ಟಿ ಕೊಡಲು ಅತ್ತೆ ಮಾತ್ರ ಇನ್ನೂ ಒಪ್ಪಿಲ್ಲ.