ಗರ್ನಿಯ ಹಾಡುಗಳನ್ನು ಬಿಟ್ಟುಬಿಟ್ಟಿರಲ್ಲ!

ಇಂಗ್ಲಿಷ್ ಕವಿ, ಸಂಗೀತ ಸಂಯೋಜಕ ಐವರ್ ಗರ್ನಿ ಬಗ್ಗೆ ನಿಮ್ಮ ಲೇಖನ ಕನ್ನಡದಲ್ಲಿ ಓದಲು ಸಿಕ್ಕಿದ್ದೇ ಖುಷಿ ಸರ್. ಆದರೆ ಮೊದಲ ಮಹಾಯುದ್ಧವೇ ಅವನ ಮನಸ್ಸು ಕೆಡಿಸಿತು ಅಂತ ಬರೆದಿದ್ದೀರಿ, ಅದು ಪೂರ್ತಿ ಒಪ್ಪುವ ಮಾತಲ್ಲ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಓದುತ್ತಿದ್ದಾಗಲೇ, 1913ರಲ್ಲೇ, ಅವನು ಒಮ್ಮೆ ಕುಸಿದುಹೋಗಿದ್ದ. ಯುದ್ಧದಲ್ಲಿ ಅವನಿಗೆ ಗುಂಡೇಟು ಬಿದ್ದದ್ದು, ವಿಷಾನಿಲ ತಗುಲಿದ್ದು ಎಲ್ಲ ಆಮೇಲೆ, 1917ರಲ್ಲಿ.

ಇನ್ನು ಕವಿ ಗರ್ನಿಗೆ ಇಷ್ಟು ಜಾಗ ಕೊಟ್ಟು ಸಂಗೀತಗಾರನನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದು ಯಾಕೋ? ಅವನು ರಾಗ ಹಾಕಿದ್ದು ಬಹುಪಾಲು ಬೇರೆಯವರ ಕವಿತೆಗಳಿಗೆ. 'ಸ್ಲೀಪ್' ಕೇಳಿ ನೋಡಿ, ಅದು ಯುದ್ಧಕ್ಕೂ ಮೊದಲಿನದು. ಪಿಯಾನೊ ತೊಟ್ಟಿಲಿನಂತೆ ತೂಗುತ್ತಲೇ ಇರುತ್ತದೆ, ಅದರ ಮೇಲೆ ದನಿ ಮಾತ್ರ ನೆಮ್ಮದಿಯಿಲ್ಲದೆ ಏರುತ್ತದೆ. ತನ್ನದೇ ಸಾಲುಗಳಿಗೆ ಸ್ವರ ಕೂಡಿಸಿದ್ದು ತೀರಾ ಅಪರೂಪ. 'ಸೆವರ್ನ್ ಮೆಡೋಸ್' ಅಂಥದ್ದು. ಫ್ರಾನ್ಸಿನ ರಣರಂಗದಲ್ಲಿದ್ದುಕೊಂಡು, ತನ್ನೂರಿನ ಹೊಳೆಬಯಲನ್ನು ನೆನೆದು ಬರೆದ ಎಂಟೇ ಸಾಲು. ಅಳುಬುರುಕತನ ಚೂರೂ ಇಲ್ಲ. (ನನಗಂತೂ ಅವನ ಎಷ್ಟೋ ಯುದ್ಧಕವಿತೆಗಳಿಗಿಂತ ಇದೇ ಹೆಚ್ಚು.)

1922ರಿಂದ 1937ರಲ್ಲಿ ಸಾಯುವವರೆಗೂ ಮಾನಸಿಕ ಆಸ್ಪತ್ರೆಯಲ್ಲೇ ಇದ್ದ. ಅಲ್ಲಿಂದಲೂ ಬರೆಯುತ್ತಿದ್ದ. ಆ ಹಸ್ತಪ್ರತಿಗಳನ್ನು ಜೋಪಾನ ಮಾಡಿದ ಗೆಳತಿ ಮೇರಿಯನ್ ಸ್ಕಾಟ್ ಹೆಸರೇ ಲೇಖನದಲ್ಲಿಲ್ಲ. ದಯವಿಟ್ಟು ಸೇರಿಸಿ.